ಕ್ಯಾಮೆರಾ ಕೊಡೋ ಕಿಟಕಿ ಮುಂದೆ ಅರ್ಧ ಗಂಟೆ ನಿಂತು ನೋಡಿ: ಅಮೆರಿಕದಲ್ಲಿ ಫಿಲ್ಮ್, ಫೋಟೋಗ್ರಫಿ ಅಸೋಸಿಯೇಟ್ ಡಿಗ್ರಿ ಆರಿಸ್ಕೊಳ್ಳೋ ಬಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸಿನಿಮಾದವಳಲ್ಲ, ಫೋಟೋಗ್ರಾಫರ್ರೂ ಅಲ್ಲ. ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು ಇಪ್ಪತ್ತು ವರ್ಷ ಆಯ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನನ್ನ ತಂಗಿ ಮಗಳು ಹೈಸ್ಕೂಲ್ ಕೊನೇ ವರ್ಷದಲ್ಲಿ ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ "ದೊಡ್ಡಮ್ಮ, ನಂಗೆ ಕಂಪ್ಯೂಟರ್ ಸೈನ್ಸ್ ಬೇಡ, ಕ್ಯಾಮೆರಾ ಕೆಲಸ ಕಲೀತೀನಿ" ಅಂದ್ಲು. ಅವರಪ್ಪ ಅನ್ನ ಸಾರು ಕಲಸ್ತಿದ್ದ ಕೈ ಹಾಗೇ ನಿಂತೋಯ್ತು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ ನೀವಾದ್ರೂ ಹೇಳಿ, ಫೋಟೋ ಹೊಡ್ಯೋಕೆ ಕಾಲೇಜು ಯಾಕೆ, ಯೂಟ್ಯೂಬ್ ಇಲ್ವಾ" ಅಂದ. ಇಬ್ಬರ ಮಧ್ಯೆ ಸಿಕ್ಕಾಕೊಂಡಿದ್ದು ನಾನು. ಸರಿ, ನಾನೇ ಹುಡುಕಿಕೊಡ್ತೀನಿ ಅಂತ ಒಪ್ಕೊಂಡು ಐದಾರು ತಿಂಗಳು ಕಾಲೇಜು ಕಾಲೇಜು ಅಲೆದೆ. ಟೆಸ್ಟರ್ ಬುದ್ಧಿ ನೋಡಿ, ಬ್ರೋಶರ್‌ನಲ್ಲಿ ಬರೆದಿರೋದು ಯಾವುದೂ ನಂಬಲ್ಲ, ನಾನೇ ಒತ್ತಿ ನೋಡ್ಬೇಕು. ಆಗ ಗೊತ್ತಾಗಿದ್ದನ್ನೆಲ್ಲ ಇಲ್ಲಿ ಹಾಕ್ತಿದೀನಿ, ಕನ್ನಡ ಕೂಟದಲ್ಲಿ ಸಿಕ್ಕಾಗೆಲ್ಲ ಯಾರಾದ್ರೂ ಒಬ್ಬರು ಇದನ್ನೇ ಕೇಳ್ತಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ಅಸೋಸಿಯೇಟ್ ಡಿಗ್ರಿ ಅಂದ್ರೆ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷದ ಓದು, ಸೆಮಿಸ್ಟರ್ ಪದ್ಧತಿ ಇರೋ ಕಡೆ 60 ಯೂನಿಟ್ (ಅಂದ್ರೆ ಕ್ರೆಡಿಟ್), ಕ್ವಾರ್ಟರ್ ಇರೋ ಕಡೆ 90. ನಮ್ಮೂರ ಡಿಪ್ಲೊಮಾ ಥರ ಅನ್ನಬಹುದು, ಆದ್ರೆ ಪೂರ್ತಿ ಹಾಗಲ್ಲ, ಯಾಕಂದ್ರೆ ಇದರಲ್ಲಿ ಇಂಗ್ಲಿಷ್, ಗಣಿತ, ಸೈನ್ಸ್ ಅಂತ ಜನರಲ್ ಎಜುಕೇಶನ್ ಕೂಡ ಸೇರತ್ತೆ, ಮತ್ತೆ ಇದನ್ನ ಮುಗಿಸಿ ನಾಲ್ಕು ವರ್ಷದ ಕಾಲೇಜಿಗೆ ನೇರ ಮೂರನೇ ವರ್ಷಕ್ಕೆ ಹೋಗೋ ದಾರಿ ಇದೆ. ಕ್ಯಾಲಿಫೋರ್ನಿಯಾದ ಖಾಯಂ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದ್ರೆ 60 ಯೂನಿಟ್‌ಗೆ 2,760 ಡಾಲರ್. ಎರಡೂ ವರ್ಷಕ್ಕೆ ಸೇರಿಸಿ ಅಷ್ಟೇನೇ. ಈ ಲೆಕ್ಕ ಹೇಳಿದ್ಮೇಲೆ ನಮ್ಮ ತಂಗಿ ಗಂಡನ ಮುಖ ಸ್ವಲ್ಪ ಸಡಿಲ ಆಯ್ತು.

ಡಿಗ್ರಿಯ ಹೆಸರಿನ ಮುಂದೆ ಇರೋ ಅಕ್ಷರ ನೋಡದೆ ಸೇರ್ಬೇಡಿ. ಎಎ (ಅಸೋಸಿಯೇಟ್ ಆಫ್ ಆರ್ಟ್ಸ್), ಎಎಸ್ (ಅಸೋಸಿಯೇಟ್ ಆಫ್ ಸೈನ್ಸ್), ಎಎಎಸ್ (ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್), ಎಎಸ್-ಟಿ ಅಂತ ನಾಲ್ಕೈದು ಥರ ಇರತ್ತೆ, ಕೇಳೋಕೆ ಎಲ್ಲಾ ಒಂದೇ ಅನ್ಸತ್ತೆ, ಆದ್ರೆ ಒಂದೊಂದೂ ಬೇರೆ ಬೇರೆ ಕಡೆ ಕರ್ಕೊಂಡು ಹೋಗತ್ತೆ. ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ ಟಿ ಇದ್ರೆ ಅದು ಟ್ರಾನ್ಸ್‌ಫರ್‌ಗೋಸ್ಕರ ಮಾಡಿರೋದು, "ಫಿಲ್ಮ್, ಟೆಲಿವಿಷನ್ ಅಂಡ್ ಎಲೆಕ್ಟ್ರಾನಿಕ್ ಮೀಡಿಯಾ" ಅಂತ ಒಂದು ಎಎಸ್-ಟಿ ಇದೆ, ಅದನ್ನ ಮುಗಿಸಿದ್ರೆ ಸಿಎಸ್‌ಯು ಅಂದ್ರೆ ಕ್ಯಾಲ್ ಸ್ಟೇಟ್ ಕಾಲೇಜುಗಳಲ್ಲಿ ಎಲ್ಲಾದ್ರೂ ಒಂದು ಕಡೆ ಸೀಟು ಖಾತ್ರಿ. "ಎಲ್ಲಾದ್ರೂ" ಅನ್ನೋ ಮಾತು ಗಮನಿಸಿ, ನೀವು ಬಯಸಿದ ಕಡೆಯೇ ಸಿಗತ್ತೆ ಅಂತ ಅಲ್ಲ. ಫೋಟೋಗ್ರಫಿಯವರು ಹೆಚ್ಚಾಗಿ ಸ್ಟುಡಿಯೋ ಆರ್ಟ್ಸ್ ಅನ್ನೋ ಎಎ-ಟಿ ಮೂಲಕ ಹೋಗ್ತಾರೆ. ಇನ್ನು ಟೆಕ್ಸಾಸ್, ನ್ಯೂಯಾರ್ಕ್ ಕಡೆ ಎಎಎಸ್ ಅಂತ ಕಾಣ್ಸತ್ತೆ, ಅದು ಮುಖ್ಯವಾಗಿ ಕೆಲಸಕ್ಕೆ ಹೋಗೋರಿಗೆ. ಅದರಲ್ಲಿ ಕೈಕೆಲಸದ ಕ್ಲಾಸ್ ಜಾಸ್ತಿ, ಜನರಲ್ ಎಜುಕೇಶನ್ ಕಮ್ಮಿ, ಆಮೇಲೆ ಮನಸು ಬದಲಾಯಿಸಿ ಬ್ಯಾಚುಲರ್ಸ್‌ಗೆ ಹೋಗ್ತೀನಿ ಅಂದ್ರೆ ಎಷ್ಟೋ ಕ್ಲಾಸ್ ಲೆಕ್ಕಕ್ಕೇ ಬರಲ್ಲ. ಡಾಲಸ್‌ನಲ್ಲಿರೋ ನನ್ನ ಫ್ರೆಂಡ್ ಮಗ ಒಬ್ಬ ಹೀಗೇ ಒಂದು ವರ್ಷದ ಯೂನಿಟ್ ಕಳ್ಕೊಂಡ, ಸೇರೋವಾಗ ಅವನಿಗಾಗ್ಲಿ ಅವರಮ್ಮಂಗಾಗ್ಲಿ ಯಾರೂ ಈ ವ್ಯತ್ಯಾಸ ಹೇಳಿರ್ಲಿಲ್ಲ.

ಅದಕ್ಕೇ ಮಕ್ಕಳನ್ನ ಕೂರಿಸ್ಕೊಂಡು ಕೇಳ್ಬೇಕಾದ ಮೊದಲನೇ ಪ್ರಶ್ನೆ "ಯಾವ ಕಾಲೇಜು" ಅಂತ ಅಲ್ಲ, "ಎರಡು ವರ್ಷ ಆದ್ಮೇಲೆ ಎಲ್ಲಿರ್ತೀಯ" ಅಂತ. ಪಟ್ ಅಂತ ಉತ್ತರ ಬರಲ್ಲ. ನಮ್ಮ ಹುಡುಗಿ ಮೊದಲ ಸಲ "ಗೊತ್ತಿಲ್ಲ ದೊಡ್ಡಮ್ಮ" ಅಂದ್ಲು, ಹದಿನೇಳು ವರ್ಷಕ್ಕೆ ಗೊತ್ತಿರಬೇಕು ಅಂತನೂ ಇಲ್ಲ ಬಿಡಿ. ಗೊತ್ತಿಲ್ಲ ಅಂದ್ರೆ ಟ್ರಾನ್ಸ್‌ಫರ್ ದಾರಿ ತೆರೆದಿಟ್ಕೊಂಡೇ ಆರಿಸಿ. ಆ ಕಡೆಯಿಂದ ಕೆಲಸದ ಕಡೆ ತಿರುಗೋದು ಸುಲಭ, ಈ ಕಡೆಯಿಂದ ಆ ಕಡೆ ಹೋಗೋದು ಕಷ್ಟ. ಸ್ಟಾರ್ ವಾರ್ಸ್ ಮಾಡಿದ ಜಾರ್ಜ್ ಲೂಕಸ್ ಹೆಸರು ಎಲ್ಲರಿಗೂ ಗೊತ್ತು, ಆ ಮನುಷ್ಯ ಮೊಡೆಸ್ಟೋ ಜೂನಿಯರ್ ಕಾಲೇಜಲ್ಲಿ 1964ರಲ್ಲಿ ಎಎ ಮುಗಿಸಿ ಆಮೇಲೆ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಫಿಲ್ಮ್ ಸ್ಕೂಲ್‌ಗೆ ಟ್ರಾನ್ಸ್‌ಫರ್ ಆದೋರು. ಮೊಡೆಸ್ಟೋ ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿ, ಬಾದಾಮಿ ತೋಟದ ಊರು. ಇದನ್ನ ತಂಗಿ ಗಂಡನಿಗೆ ಹೇಳಿದಾಗ "ಎಲ್ಲರೂ ಲೂಕಸ್ ಆಗ್ತಾರಾ ಅಕ್ಕ" ಅಂದ, ಅದೂ ನಿಜಾನೇ.

ಟ್ರಾನ್ಸ್‌ಫರ್ ಅಂತ ಮನಸಲ್ಲಿದ್ರೆ ಅಸಿಸ್ಟ್ ಡಾಟ್ ಆರ್ಗ್ ಅನ್ನೋ ಸೈಟ್ ಒಂದು ಸಂಜೆ ಪೂರ್ತಿ ಕೂತು ನೋಡಿ. ಈ ಕಮ್ಯುನಿಟಿ ಕಾಲೇಜಿನ ಈ ಕ್ಲಾಸ್ ಆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜಲ್ಲೋ ಸಿಎಸ್‌ಯುನಲ್ಲೋ ಯಾವ ಕ್ಲಾಸಿಗೆ ಸಮ ಅಂತ ಅಲ್ಲಿ ಇರತ್ತೆ, ಹೆಚ್ಚಾಗಿ ಸರ್ಕಾರಿ ಕಾಲೇಜುಗಳದ್ದೇ, ಯುಎಸ್‌ಸಿ ಥರ ಪ್ರೈವೇಟ್‌ಗೆ ಅವರವರ ಸೈಟಲ್ಲೇ ಹುಡುಕ್ಬೇಕು. ನಾನು ಮಾಡಿದ್ದೇನಂದ್ರೆ, ಹಿಂದಿನಿಂದ ಮುಂದಕ್ಕೆ ಬಂದೆ. ಮೊದ್ಲು ನಾಲ್ಕು ವರ್ಷದ ಕಾಲೇಜುಗಳಲ್ಲಿ ಅವಳಿಗೆ ಇಷ್ಟ ಆದ ಮೂರನ್ನ ಬರ್ಕೊಂಡ್ವಿ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್‌ನ ಸಿನಿಮಾ, ನಾರ್ತ್‌ರಿಡ್ಜ್, ಸ್ಯಾಂಟಾ ಕ್ರೂಜ್, ಆಮೇಲೆ ಆ ಮೂರಕ್ಕೂ ಬೇಕಾದ ಕ್ಲಾಸ್ ಯಾವ ಕಮ್ಯುನಿಟಿ ಕಾಲೇಜಲ್ಲಿ ಜಾಸ್ತಿ ಸಿಗತ್ತೆ ಅಂತ ನೋಡಿದ್ವಿ. ಹತ್ತಿಪ್ಪತ್ತು ಕಾಲೇಜಿನ ಪಟ್ಟಿ ಒಂದೇ ಸಂಜೆಗೆ ಐದಕ್ಕೆ ಇಳೀತು. ಯುಸಿ ಕಡೆ ಟ್ಯಾಗ್ ಅನ್ನೋ ಗ್ಯಾರಂಟಿ ಒಪ್ಪಂದ ಇದೆ, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರರಲ್ಲಿ ಮಾತ್ರ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋದಲ್ಲಿ ಇಲ್ಲ. ಆ ಆರರಲ್ಲೂ ಕೆಲವು ಮೇಜರ್‌ಗೆ ಕೊಡಲ್ಲ, ಆಯಾ ವರ್ಷದ ಪಟ್ಟಿ ನೋಡ್ಕೊಳ್ಳಿ, ಅರ್ಜಿ ಸೆಪ್ಟೆಂಬರ್‌ನಲ್ಲೇ ಹಾಕ್ಬೇಕು. ಜನರಲ್ ಎಜುಕೇಶನ್‌ಗೆ ಇದ್ದ ಹಳೇ ಪಟ್ಟಿ 2025ರ ಫಾಲ್‌ನಿಂದ ಹೊಸದಾಗಿ ಸೇರೋರಿಗೆ ಕ್ಯಾಲ್-ಗೆಟ್‌ಸಿ ಅಂತ ಬದಲಾಗಿದೆ, ಸೀನಿಯರ್ ಮಕ್ಕಳು ಕೊಟ್ಟ ಹಳೇ ಪ್ಲಾನ್ ನೋಡ್ಕೊಂಡು ಕ್ಲಾಸ್ ತಗೋಬೇಡಿ.

ಇನ್ನೊಂದು, ಥಿಯರಿ ಓದ್ತಾರಾ ಕ್ಯಾಮೆರಾ ಹಿಡೀತಾರಾ ಅನ್ನೋದು. ಫಿಲ್ಮ್ ಸ್ಟಡೀಸ್ ಅಂದ್ರೆ ಸಿನಿಮಾ ನೋಡಿ, ಚರ್ಚೆ ಮಾಡಿ, ಪ್ರಬಂಧ ಬರ್ಯೋದು. ಫಿಲ್ಮ್ ಪ್ರೊಡಕ್ಷನ್ ಅಂದ್ರೆ ಬೆಳಗ್ಗೆ ಐದಕ್ಕೆ ಎದ್ದು ಲೈಟ್ ಸ್ಟ್ಯಾಂಡ್ ಹೊರೋದು. ಹೆಸರಲ್ಲಿ ಒಂದು ಪದದ ವ್ಯತ್ಯಾಸ, ಜೀವನದಲ್ಲಿ ಭೂಮಿ ಆಕಾಶ. ಕೋರ್ಸ್ ಪಟ್ಟಿ ತೆಗೆದು ಎಷ್ಟು ಕ್ಲಾಸಲ್ಲಿ ಲ್ಯಾಬ್ ಅವರ್ಸ್ ಅಂತ ಬೇರೆ ಇದೆ ಎಣಿಸಿ, ಎರಡೇ ಎರಡಿದ್ರೆ ಅದು ಥಿಯರಿ ಕೋರ್ಸ್ ಅಂತಾನೇ ಲೆಕ್ಕ. ಫೋಟೋಗ್ರಫಿ, ಫಿಲ್ಮ್ ಎರಡೂ ಬೇಕು ಅನ್ನೋ ಮಕ್ಕಳಿಗೆ ನನ್ನ ಅಭಿಪ್ರಾಯ, ಒಂದ್ರಲ್ಲಿ ಡಿಗ್ರಿ ಮಾಡಿ ಇನ್ನೊಂದ್ರಲ್ಲಿ ಮೂರು ನಾಲ್ಕು ಕ್ಲಾಸ್ ಅಥವಾ ಒಂದು ಸರ್ಟಿಫಿಕೇಟ್ ತಗೊಳ್ಳಿ. ಎಷ್ಟೋ ಕಡೆ ಇವೆರಡೂ ಬೇರೆ ಡಿಪಾರ್ಟ್‌ಮೆಂಟ್, ಬೇರೆ ಬಿಲ್ಡಿಂಗ್, ಅವರ ಲೈಟು ಇವರಿಗೆ ಕೊಡಲ್ಲ, ನಮ್ಮ ಸರ್ಕಾರಿ ಆಫೀಸ್‌ಗಳ ಥರಾನೇ. ಲೈಟಿಂಗ್ ಮಾತ್ರ ಫೋಟೋಗ್ರಫಿ ಕಡೆ ಕಲೀರಿ ಅಂತ ನಾವು ನೋಡಿದ ಒಂದು ಕಾಲೇಜಿನ ಲ್ಯಾಬ್ ಟೆಕ್ನೀಷಿಯನ್ ಒಬ್ಬರು ಹೇಳಿದ್ರು. ಸ್ಟಿಲ್ ಫೋಟೋದಲ್ಲಿ ಒಂದೇ ಫ್ರೇಮ್, ತಪ್ಪು ಮುಚ್ಚಿಡೋಕೆ ಜಾಗ ಇಲ್ಲ, ಅದಕ್ಕೆ ಕಣ್ಣು ಬೇಗ ಪಳಗತ್ತೆ ಅಂತ.

ಈಗ ವೀಸಾ ವಿಷಯ. ಇದನ್ನ ಇಲ್ಲಿನ ಕೌನ್ಸೆಲರ್‌ಗಳು ತಾವಾಗೇ ಹೇಳಲ್ಲ, ಅವರಿಗೆ ಗೊತ್ತೂ ಇರಲ್ಲ. ಮಗು ಎಚ್-4ನಲ್ಲಿದ್ರೆ (ಎಚ್-1ಬಿ ಅನ್ನೋ ಕೆಲಸದ ವೀಸಾದವರ ಮನೆಯವರಿಗೆ ಸಿಗೋ ವೀಸಾ) ಓದೋಕೆ ಅಡ್ಡಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸ ಇರೋದಕ್ಕೆ ದಾಖಲೆ ತೋರಿಸಿದ್ರೆ ರೆಸಿಡೆಂಟ್ ಫೀಸಿಗೂ ಅರ್ಹತೆ ಸಿಗಬಹುದು. ಆದ್ರೆ ಕೆಲಸ ಮಾಡೋಹಾಗಿಲ್ಲ. ಸಂಬಳ ಕೊಡೋ ಇಂಟರ್ನ್‌ಶಿಪ್ ಇಲ್ಲ, ಕಾಲೇಜಿನ ಕ್ಯಾಮೆರಾ ರೂಮಲ್ಲಿ ಗಂಟೆ ಲೆಕ್ಕದ ಕೆಲಸ ಇಲ್ಲ, ಮದುವೆ ಫೋಟೋ ತೆಗೆದು ದುಡ್ಡು ತಗೊಳ್ಳೋ ಹಾಗೂ ಇಲ್ಲ. ಈ ಫೀಲ್ಡಲ್ಲಿ ಕಲಿಯೋದೇ ಸೆಟ್ ಮೇಲೆ ಅಂದಾಗ ಇದು ದೊಡ್ಡ ಪೆಟ್ಟು. 21 ತುಂಬಿದ ದಿನ ಎಚ್-4 ಮುಗೀತು, ಅದಕ್ಕೂ ಮುಂಚೆ ಎಫ್-1 ಅನ್ನೋ ವಿದ್ಯಾರ್ಥಿ ವೀಸಾಗೆ ಬದಲಾಯಿಸ್ಕೋಬೇಕು, ಎಫ್-1 ಆದ್ರೆ ಫೀಸು ಸಾಮಾನ್ಯವಾಗಿ ನಾನ್-ರೆಸಿಡೆಂಟ್ ಲೆಕ್ಕಕ್ಕೆ ಹೋಗತ್ತೆ. ನಾನ್-ರೆಸಿಡೆಂಟ್ ಅಂದ್ರೆ ಬಹುತೇಕ ಸೆಮಿಸ್ಟರ್ ಕಾಲೇಜುಗಳಲ್ಲಿ ಆ 46ರ ಮೇಲೆ ಯೂನಿಟ್‌ಗೆ ಇನ್ನೂ 300 ಡಾಲರ್‌ಗಿಂತ ಜಾಸ್ತಿ, ಎರಡು ವರ್ಷಕ್ಕೆ 20,000 ದಾಟತ್ತೆ. ಫಾಫ್ಸಾ ಅನ್ನೋ ಫೆಡರಲ್ ನೆರವು ಸಿಟಿಜನ್, ಗ್ರೀನ್ ಕಾರ್ಡ್‌ನವರಿಗೆ, ಎಚ್-4 ಮಕ್ಕಳಿಗಿಲ್ಲ. ನಮ್ಮ ಹುಡುಗಿ ಇಲ್ಲೇ ಹುಟ್ಟಿದ್ದಕ್ಕೆ ಈ ತಲೆನೋವು ತಪ್ಪಿತು, ಆದ್ರೆ ಅವಳ ಜೊತೆ ಹೈಸ್ಕೂಲಲ್ಲಿದ್ದ ಇನ್ನೊಂದು ಕನ್ನಡದ ಮನೆ ಹುಡುಗ ಇದನ್ನೆಲ್ಲ ಲೆಕ್ಕ ಹಾಕೇ ಬೇರೆ ಕೋರ್ಸಿಗೆ ಹೋದ, ಪಾಪ.

ಬೆಂಗಳೂರಿಂದ ನೇರ ಎಫ್-1ನಲ್ಲಿ ಬರೋ ಯೋಚನೆ ಇದ್ರೆ ಇದನ್ನೂ ಓದ್ಕೊಳ್ಳಿ. ಸೆಮಿಸ್ಟರ್‌ಗೆ ಕನಿಷ್ಠ 12 ಯೂನಿಟ್ ತಗೋಳೇಬೇಕು, ಅದರಲ್ಲಿ ಆನ್‌ಲೈನ್ ಕ್ಲಾಸ್ ಒಂದೇ ಒಂದು ಲೆಕ್ಕಕ್ಕೆ. ಹಾಗಾಗಿ ಅರ್ಧ ಕ್ಲಾಸ್ ಆನ್‌ಲೈನಲ್ಲೇ ನಡೆಸೋ ಕಾಲೇಜು ನಿಮಗೆ ಆಗಿಬರಲ್ಲ. ಅಸೋಸಿಯೇಟ್ ಮುಗಿಸಿದ್ಮೇಲೆ 12 ತಿಂಗಳ ಒಪಿಟಿ, ಅಂದ್ರೆ ಓದಿದ ಫೀಲ್ಡಲ್ಲಿ ಕೆಲಸ ಮಾಡೋ ಅನುಮತಿ, ಸಿಗತ್ತೆ, ಮುಂದೆ ಬ್ಯಾಚುಲರ್ಸ್ ಮಾಡಿದ್ರೆ ಅದಕ್ಕೆ ಬೇರೆ 12 ತಿಂಗಳು. ಎಂಜಿನಿಯರಿಂಗ್‌ನವರಿಗೆ ಸಿಗೋ ಆ ಎರಡು ವರ್ಷದ ಸ್ಟೆಮ್ ಎಕ್ಸ್‌ಟೆನ್ಷನ್ ಅಸೋಸಿಯೇಟ್ ಡಿಗ್ರಿಗೆ ಇಲ್ಲವೇ ಇಲ್ಲ. ಎಚ್-1ಬಿಗೆ ಕನಿಷ್ಠ ಬ್ಯಾಚುಲರ್ಸ್ ಅಥವಾ ಅದಕ್ಕೆ ಸಮನಾದ್ದು ಬೇಕು. ಇಷ್ಟು ಗೊತ್ತಿದ್ದೂ ಬರ್ತೀನಿ ಅಂದ್ರೆ ಸಂತೋಷ, ಏಜೆಂಟ್ ಹೇಳಿದ ಅಂತ ಮಾತ್ರ ಬರ್ಬೇಡಿ. ನಮ್ಮಲ್ಲೇ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ, ಸಿನಿಮಟೋಗ್ರಫಿ, ಸೌಂಡ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಕೊಡ್ತಾರೆ. ಅದರ ಬೇರು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, ಸಿನಿಮಟೋಗ್ರಾಫರ್‌ಗಳಲ್ಲಿ ಮೊದಲ ಬಾರಿಗೆ ಫಾಲ್ಕೆ ಪ್ರಶಸ್ತಿ ಪಡೆದ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಕಲ್ತಿದ್ದು ಅಲ್ಲೇ, ಗೋವಿಂದ್ ನಿಹಲಾನಿ ಕಲ್ತಿದ್ದೂ ಅಲ್ಲೇ. ಅದನ್ನ ನೋಡದೆ ಇಲ್ಲಿಗೆ ಹಾರೋದು ಬೇಡ ಅನ್ನೋದು ನನ್ನ ಮಾತು.

ಪ್ರೈವೇಟ್ ಆರ್ಟ್ ಸ್ಕೂಲ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಚೆನ್ನಾಗಿರೋವೂ ಇವೆ. ಆದ್ರೆ ಸ್ಯಾಂಟಾ ಬಾರ್ಬರಾದಲ್ಲಿ 1945ರಲ್ಲಿ ಶುರುವಾಗಿ ಫೋಟೋಗ್ರಫಿಗೆ ಅಷ್ಟು ಹೆಸರು ಮಾಡಿದ್ದ ಬ್ರೂಕ್ಸ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಬಾಗಿಲು ಹಾಕ್ತು, ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನೋ ದೊಡ್ಡ ಸರಪಳಿಯ ಉಳಿದಿದ್ದ ಕ್ಯಾಂಪಸ್‌ಗಳೆಲ್ಲ 2023ರ ಸೆಪ್ಟೆಂಬರ್ ಕೊನೆಗೆ ಒಂದೇ ಸಲ ಮುಚ್ಚಿದ್ವು, ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಫೋಟೋಗ್ರಫಿ ವಿಭಾಗ ಕಟ್ಟಿದ್ದ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟ್‌ಗೂ 2022ರಲ್ಲಿ ಅದೇ ಗತಿ ಆಯ್ತು. ಕೈಲಿ ಸಾಲ, ಅರ್ಧ ಆದ ಡಿಗ್ರಿ. ಹಾಗಾಗಿ ಅಕ್ರೆಡಿಟೇಶನ್ (ಮಾನ್ಯತೆ) ಯಾರದ್ದು, ಲಾಭಕ್ಕೆ ನಡೆಸೋ ಸಂಸ್ಥೆನಾ, ಕಾಲೇಜ್ ಸ್ಕೋರ್‌ಕಾರ್ಡ್ ಅನ್ನೋ ಸರ್ಕಾರಿ ಸೈಟಲ್ಲಿ ಅಲ್ಲಿ ಓದಿದವರ ಸಾಲ ಎಷ್ಟು ಸಂಪಾದನೆ ಎಷ್ಟು, ಇಷ್ಟು ನೋಡ್ದೆ ಅಡ್ವಾನ್ಸ್ ಕಟ್ಬೇಡಿ. ಅಡ್ಮಿಶನ್‌ನವರೇ ದಿನಕ್ಕೆ ಮೂರು ಸಲ ಫೋನ್ ಮಾಡಿದ್ರೆ ಆ ಕಾಲೇಜು ಬಿಟ್ಬಿಡಿ. ಕಮ್ಯುನಿಟಿ ಕಾಲೇಜ್‌ನವರು ನಾವೇ ಫೋನ್ ಮಾಡಿದ್ರೂ ಎತ್ತಲ್ಲ, ಅದು ಬೇರೆ ಮಾತು.

ಎಲ್ಲೆಲ್ಲಿ ಇದೆ ಅಂತ ಸುಮ್ನೆ ಒಂದು ಅಂದಾಜಿಗೆ: ಬೇ ಏರಿಯಾದಲ್ಲಿ ಕ್ಯುಪರ್ಟಿನೋದ ಡಿ ಆಂಜಾ, ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಕಡೆ ಸ್ಯಾಂಟಾ ಮೋನಿಕಾ, ಎಲ್‌ಎ ಸಿಟಿ ಕಾಲೇಜ್, ಆರೆಂಜ್ ಕೋಸ್ಟ್, ಆಸ್ಟಿನ್‌ನಲ್ಲಿ ಆಸ್ಟಿನ್ ಕಮ್ಯುನಿಟಿ ಕಾಲೇಜ್, ಆರ್ಲಾಂಡೋದಲ್ಲಿ ವೆಲೆನ್ಸಿಯಾ, ನ್ಯೂಯಾರ್ಕ್‌ನಲ್ಲಿ ಲಗಾರ್ಡಿಯಾ, ಫ್ಯಾಷನ್ ಕಡೆ ಒಲವಿದ್ರೆ ಎಫ್‌ಐಟಿ (ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ). ಅಟ್ಲಾಂಟಾದವರು ಜಾರ್ಜಿಯಾ ಫಿಲ್ಮ್ ಅಕಾಡೆಮಿ ನೋಡಿ, ಅಲ್ಲಿನ ಕಾಲೇಜುಗಳ ಜೊತೆ ಸೇರ್ಕೊಂಡು ಸೆಟ್ ಕೆಲಸದ ಸರ್ಟಿಫಿಕೇಟ್ ನಡೆಸ್ತಾರೆ. ಇದು ಸಾಲು ಪ್ರಕಾರ ಒಳ್ಳೇದು ಕೆಟ್ಟದ್ದು ಅಂತ ಹಾಕಿರೋ ಪಟ್ಟಿ ಅಲ್ಲ, ರ್‍ಯಾಂಕಿಂಗ್ ಕೇಳ್ಬೇಡಿ, ಎರಡು ವರ್ಷದ ಕೋರ್ಸಿಗೆ ಮನೆಗೆ ಎಷ್ಟು ಹತ್ತಿರ ಅನ್ನೋದೂ ಅಷ್ಟೇ ಮುಖ್ಯ. ರಾತ್ರಿ ಹತ್ತಕ್ಕೆ ಲ್ಯಾಬ್ ಮುಗಿಸಿ ಐವತ್ತು ಮೈಲಿ ಡ್ರೈವ್ ಮಾಡೋ ಮಗು ಎರಡನೇ ಸೆಮಿಸ್ಟರ್‌ಗೆ ಬಿಟ್ಬಿಡತ್ತೆ.

ಕ್ಯಾಟಲಾಗ್ ಬೇರೆ, ಕ್ಲಾಸ್ ಶೆಡ್ಯೂಲ್ ಬೇರೆ. ಈ ವ್ಯತ್ಯಾಸ ನಾನೇ ಕಂಡುಹಿಡಿದೆ ಅಂತ ಸ್ವಲ್ಪ ಹೆಮ್ಮೆ ನಂಗೆ. ಕ್ಯಾಟಲಾಗ್‌ನಲ್ಲಿ ಸಿನಿಮಟೋಗ್ರಫಿ, ಎಡಿಟಿಂಗ್, ಸೌಂಡ್ ಡಿಸೈನ್, ಕಲರ್ ಪ್ರಿಂಟಿಂಗ್ ಅಂತ ಮದುವೆ ಊಟದ ಥರ ಇಪ್ಪತ್ತು ಐಟಂ ಬರ್ದಿರ್ತಾರೆ, ಎಲೆಗೆ ಬೀಳೋದು ಶೆಡ್ಯೂಲ್‌ನಲ್ಲಿ ಇರೋದು ಮಾತ್ರ. ಹಿಂದಿನ ಮೂರು ನಾಲ್ಕು ಸೆಮಿಸ್ಟರ್‌ನ ಶೆಡ್ಯೂಲ್ ಆನ್‌ಲೈನಲ್ಲಿ ತೆಗೆದು ಯಾವ ಕ್ಲಾಸ್ ನಿಜವಾಗ್ಲೂ ನಡೀತು, ಯಾವುದು ಜನ ಸಾಲದೆ ಕ್ಯಾನ್ಸಲ್ ಆಯ್ತು ನೋಡಿ. ಒಂದು ಕಾಲೇಜಲ್ಲಿ, ಹೆಸರು ಬೇಡ, ಅಡ್ವಾನ್ಸ್ಡ್ ಲೈಟಿಂಗ್ ಎರಡು ವರ್ಷದಿಂದ ನಡೆದೇ ಇರ್ಲಿಲ್ಲ, ಆದ್ರೆ ಡಿಗ್ರಿಗೆ ಅದು ಕಡ್ಡಾಯ ಅಂತ ಬರ್ದಿತ್ತು. ಇನ್ನು ಸರಪಳಿ ಕ್ಲಾಸ್‌ಗಳು, ಒಂದನೇದು ಆದ್ರೆ ಎರಡನೇದು, ಎರಡಾದ್ರೆ ಮೂರನೇದು. ಎರಡನೇದು ವರ್ಷಕ್ಕೊಂದೇ ಸಲ ಸ್ಪ್ರಿಂಗಲ್ಲಿ ಮಾತ್ರ ಇದ್ದು ಅದು ತಪ್ಪಿದ್ರೆ ಎರಡು ವರ್ಷದ ಡಿಗ್ರಿ ಮೂರು ವರ್ಷ ಆಗತ್ತೆ. ಪೇಪರ್ ಮೇಲೆ ನಾಲ್ಕು ಚೌಕ ಹಾಕಿ, ಫಾಲ್, ಸ್ಪ್ರಿಂಗ್, ಫಾಲ್, ಸ್ಪ್ರಿಂಗ್, ಯಾವುದು ಎಲ್ಲಿ ಕೂರತ್ತೆ ಬರೀರಿ, ಕೂರ್ಲಿಲ್ಲ ಅಂದ್ರೆ ಡಿಪಾರ್ಟ್‌ಮೆಂಟ್‌ಗೆ ಮೇಲ್ ಹಾಕಿ ಕೇಳಿ. ಪಾಸಾದ ಕ್ಲಾಸನ್ನ ಮತ್ತೆ ತಗೊಳ್ಳೋಕೆ ಸಾಮಾನ್ಯವಾಗಿ ಬಿಡಲ್ಲ, ಎಷ್ಟೋ ಕಡೆ ಯಾವುದಾದ್ರೂ ಒಂದು ಲ್ಯಾಬ್ ಕ್ಲಾಸಲ್ಲಿ ಹೆಸರಿದ್ರೆ ಮಾತ್ರ ಡಾರ್ಕ್‌ರೂಮ್‌ಗೆ (ಫಿಲ್ಮ್ ತೊಳೆದು ಪ್ರಿಂಟ್ ಹಾಕೋ ಕತ್ತಲೆ ಕೋಣೆ), ಸ್ಟುಡಿಯೋಗೆ ಒಳಗೆ ಬಿಡೋದು, ಅದಕ್ಕೆ ಮೊದಲ ವರ್ಷವೇ ಎಲ್ಲಾ ಲ್ಯಾಬ್ ಕ್ಲಾಸ್ ಮುಗಿಸಿ ಕೂತ್ಕೋಬೇಡಿ, ಗಣಿತ, ಇಂಗ್ಲಿಷ್ ಜೊತೆ ಹಂಚ್ಕೊಳ್ಳಿ.

ಈಗ ಹೋಗಿ ನೋಡೋ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಮುಕ್ಕಾಲು ಪಾಲು ನಿರ್ಧಾರ ಇಲ್ಲೇ ಆಗೋದು. ಓಪನ್ ಹೌಸ್ ದಿನ ಹೋಗ್ಬೇಡಿ. ಅವತ್ತು ಎಲ್ಲಾ ತೊಳೆದು ಬಳಿದು ದೊಡ್ಡ ಕ್ಯಾಮೆರಾ ಟ್ರೈಪಾಡ್ ಮೇಲೆ ನಿಲ್ಲಿಸಿರ್ತಾರೆ, ಅದು ವಧುಪರೀಕ್ಷೆ ದಿನದ ಸೀರೆ ಇದ್ದಂಗೆ. ಸೆಮಿಸ್ಟರ್ ಮಧ್ಯದಲ್ಲಿ, ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ ಹೋಗಿ, ಯಾಕಂದ್ರೆ ವೀಕೆಂಡ್ ಶೂಟಿಂಗ್‌ಗೆ ಮಕ್ಕಳು ಸಾಮಾನು ತಗೊಂಡು ಹೋಗೋ ಹೊತ್ತು ಅದು. ಸಾಮಾನು ಕೊಡೋ ರೂಮ್‌ಗೆ ಇಲ್ಲಿ ಕೇಜ್ ಅಂತಾರೆ, ಜಾಲರಿ ಹಾಕಿದ ಕಿಟಕಿ, ಒಳಗೆ ಶೆಲ್ಫ್ ತುಂಬಾ ಕ್ಯಾಮೆರಾ, ಲೆನ್ಸು, ಮೈಕು. ಅದರ ಮುಂದೆ ಅರ್ಧ ಗಂಟೆ ಸುಮ್ನೆ ನಿಂತ್ಕೊಳ್ಳಿ. ಕ್ಯೂ ಎಷ್ಟುದ್ದ ಇದೆ, ಎಷ್ಟು ಜನ ಬರಿಗೈಲಿ ವಾಪಸ್ ಹೋಗ್ತಾರೆ, ಒಳಗಿರೋರು ಬ್ಯಾಟರಿ ಚಾರ್ಜ್ ಇದೆಯಾ ಕಾರ್ಡ್ ಖಾಲಿ ಇದೆಯಾ ಅಂತ ನೋಡಿ ಕೊಡ್ತಾರಾ ಅಥವಾ ಬ್ಯಾಗ್ ತಳ್ಳಿಬಿಡ್ತಾರಾ. ನಾವು ನೋಡಿದ ಒಂದು ಕಡೆ ಬ್ರೋಶರ್ ತುಂಬಾ ಸಿನಿಮಾದವರು ಬಳಸೋ ದುಬಾರಿ ಕ್ಯಾಮೆರಾದ ಫೋಟೋ ಇತ್ತು, ಕೇಜ್ ಮುಂದೆ ನಿಂತಿದ್ದ ಹುಡುಗನ್ನ ಕೇಳಿದ್ರೆ "ಆಂಟಿ, ಅದು ಒಂದೇ ಇರೋದು, ಕೊನೇ ಸೆಮಿಸ್ಟರ್‌ನವರಿಗೆ ಮಾತ್ರ, ನಾನಿನ್ನೂ ಮುಟ್ಟೇ ಇಲ್ಲ" ಅಂದ. ಇನ್ನೊಂದು ಕಡೆ ಹಳೇ ಮಾಡೆಲ್ ಕ್ಯಾಮೆರಾಗಳೇ, ಆದ್ರೆ ಹನ್ನೆರಡು ಇದ್ವು, ಮೊದಲನೇ ಸೆಮಿಸ್ಟರ್‌ನವರೂ ಶುಕ್ರವಾರ ತಗೊಂಡು ಸೋಮವಾರ ವಾಪಸ್ ಕೊಡಬಹುದಿತ್ತು. ನಮ್ಮ ಹುಡುಗಿ ಅಲ್ಲೇ ತೀರ್ಮಾನ ಮಾಡಿದ್ಲು ಅಂತ ಕಾಣತ್ತೆ, ಬಾಯಿ ಬಿಟ್ಟು ಹೇಳಿದ್ದು ಮಾತ್ರ ಎರಡು ವಾರ ಆದ್ಮೇಲೆ.

ಡಾರ್ಕ್‌ರೂಮ್ ಇದ್ರೆ ಮೂಗಿಂದ ನೋಡಿ. ಫಿಕ್ಸರ್ ಅನ್ನೋ ಕೆಮಿಕಲ್ ವಾಸನೆ ಸ್ವಲ್ಪ ಇರ್ಬೇಕು, ಅಂದ್ರೆ ಬಳಕೆಯಲ್ಲಿದೆ ಅಂತ. ಕಣ್ಣು ಉರಿಯೋಷ್ಟಿದ್ರೆ ಗಾಳಿ ಹೊರಗೆ ಹೋಗೋ ವ್ಯವಸ್ಥೆ ಸರಿ ಇಲ್ಲ. ನೆಗೆಟಿವ್ ದೊಡ್ಡದು ಮಾಡಿ ಪ್ರಿಂಟ್ ಹಾಕೋ ಎನ್‌ಲಾರ್ಜರ್ ಎಷ್ಟಿದೆ ಎಣಿಸಿ, ಅದರಲ್ಲಿ ಎಷ್ಟರ ಮೇಲೆ "ಕೆಟ್ಟಿದೆ" ಅಂತ ಚೀಟಿ ಅಂಟಿಸಿದೆ ಅದನ್ನೂ ಎಣಿಸಿ. ಎಡಿಟಿಂಗ್ ಲ್ಯಾಬ್ ಎಷ್ಟು ಗಂಟೆವರೆಗೆ ತೆಗೆದಿರತ್ತೆ, ಶನಿವಾರ ಇದೆಯಾ. ಡಾವಿಂಚಿ ರಿಸಾಲ್ವ್ ಫ್ರೀ ಸಿಗತ್ತೆ, ಮನೇಲೇ ಕಲೀಬಹುದು, ಸಾಫ್ಟ್‌ವೇರ್ ಹೆಸರು ನೋಡಿ ಮರುಳಾಗೋದು ಬೇಡ. ಹೊರಗಿನ ಶಬ್ದ ಬರದ ಸೌಂಡ್ ರೂಮ್, ಕಲರ್ ಸರಿಯಾಗಿ ತೋರ್ಸೋ ಮಾನಿಟರ್, ದೊಡ್ಡ ಪ್ರಿಂಟರ್, ಇವು ಮನೇಲಿ ಆಗಲ್ಲ, ಅವಿದ್ರೆ ಒಂದು ಮಾರ್ಕ್ ಜಾಸ್ತಿ ಹಾಕಿ.

ಮೇಷ್ಟ್ರುಗಳು. ಈ ಫೀಲ್ಡಲ್ಲಿ ಪಾರ್ಟ್‌ಟೈಮ್ ಮೇಷ್ಟ್ರೇ ಜಾಸ್ತಿ, ಹಗಲು ಶೂಟಿಂಗ್, ಸಂಜೆ ಪಾಠ. ಅದು ಒಳ್ಳೇದೇ, ಈಗ ನಡೀತಿರೋ ಕೆಲಸ ಗೊತ್ತಿರತ್ತೆ. ಆದ್ರೆ ಪೂರ್ತಿ ಡಿಪಾರ್ಟ್‌ಮೆಂಟ್ ಅವರ ಮೇಲೇ ನಡೀತಿದ್ರೆ ರೆಕಮೆಂಡೇಶನ್ ಲೆಟರ್ ಬೇಕಾದಾಗ ಯಾರೂ ಕೈಗೆ ಸಿಗಲ್ಲ, ಬಜೆಟ್ ಕಟ್ ಬಂದಾಗ ಕೋರ್ಸ್ ಪರ ನಿಂತು ಜಗಳ ಆಡೋಕೂ ಯಾರಿರಲ್ಲ. ಕನಿಷ್ಠ ಒಬ್ಬರೋ ಇಬ್ಬರೋ ಫುಲ್‌ಟೈಮ್ ಇರ್ಲೇಬೇಕು. ಮೊದ್ಲೇ ಮೇಲ್ ಹಾಕಿ ಒಂದು ಕ್ಲಾಸಲ್ಲಿ ಕೂರಬಹುದಾ ಅಂತ ಕೇಳಿ, ತುಂಬಾ ಜನ ಹೂಂ ಅಂತಾರೆ. ಕ್ರಿಟೀಕ್ ನಡೆಯೋ ದಿನ ಸಿಕ್ರೆ ಇನ್ನೂ ಒಳ್ಳೇದು, ಮಕ್ಕಳ ಫೋಟೋ ಗೋಡೆಗೆ ಹಾಕಿ ಎಲ್ಲರೂ ಅಭಿಪ್ರಾಯ ಹೇಳೋದು. ಒಬ್ಬ ಮೇಷ್ಟ್ರು ಎಲ್ಲದಕ್ಕೂ "ನೈಸ್, ನೈಸ್" ಅಂತಿದ್ರು, ಇನ್ನೊಬ್ಬರು ಒಂದೇ ಫೋಟೋ ಮುಂದೆ ಹತ್ತು ನಿಮಿಷ ನಿಂತು ಬೆಳಕು ಎಲ್ಲಿಂದ ಬರ್ತಿದೆ, ಆ ಕೈ ಯಾಕೆ ಕತ್ತರಿಸ್ದೆ ಅಂತ ಕೇಳಿದ್ರು, ಆ ಹುಡುಗಿ ಅಳೋ ಹಾಗಾಗಿದ್ಲು, ಆದ್ರೆ ನೋಟ್ಸ್ ಬರ್ಕೊಳ್ತಿದ್ಲು. ಎರಡನೇ ಮೇಷ್ಟ್ರ ಹತ್ರ ಕಲೀಬೇಕು.

ಅಲ್ಲಿರೋವಾಗ ಇನ್ನೂ ಮೂರು ಪ್ರಶ್ನೆ ಕೇಳ್ಕೊಂಡು ಬನ್ನಿ, ಇವನ್ನ ಯಾರೂ ಕೇಳಲ್ಲ. ಕೊನೇ ವರ್ಷದ ಪ್ರಾಜೆಕ್ಟಲ್ಲಿ ಎಲ್ಲರೂ ತಮ್ಮ ಸಿನಿಮಾ ಮಾಡ್ತಾರಾ ಅಥವಾ ನಾಲ್ಕು ಸ್ಕ್ರಿಪ್ಟ್ ಆರಿಸಿ ಉಳಿದವರು ಕ್ರೂ ಆಗಿ ಕೆಲಸ ಮಾಡ್ತಾರಾ. ಕ್ಯಾಮೆರಾ, ಸೌಂಡ್ ಕಲಿಯೋರಿಗೆ ಎರಡನೇದೇ ಒಳ್ಳೇದು, ಡೈರೆಕ್ಟರ್ ಆಗ್ಬೇಕು ಅನ್ನೋರಿಗೆ ನಿರಾಸೆ ಆಗಬಹುದು. ಆಮೇಲೆ, ವಿದ್ಯಾರ್ಥಿಗಳ ಶೂಟಿಂಗ್‌ಗೆ ಕಾಲೇಜಿಂದ ಇನ್ಶೂರೆನ್ಸ್ ಸರ್ಟಿಫಿಕೇಟ್ ಕೊಡ್ತಾರಾ, ಅದಿಲ್ದೆ ಬಾಡಿಗೆ ಸಾಮಾನೂ ಸಿಗಲ್ಲ, ಪಾರ್ಕಲ್ಲೋ ಅಂಗಡೀಲೋ ಶೂಟ್ ಮಾಡೋಕೆ ಪರ್ಮಿಷನ್ನೂ ಸಿಗೋದು ಕಷ್ಟ, ಮತ್ತೆ ಲೆನ್ಸ್ ಬಿದ್ದು ಒಡೆದ್ರೆ ಯಾರ ತಲೆ ಮೇಲೆ ಅನ್ನೋದೂ ಇದ್ರಲ್ಲೇ ಬರತ್ತೆ. ಕೊನೇದು, ಮಾಡಿದ ಸಿನಿಮಾದ ಹಕ್ಕು ಯಾರದ್ದು. ಕೆಲವು ಫಿಲ್ಮ್ ಸ್ಕೂಲ್‌ಗಳಲ್ಲಿ ಅದು ಸ್ಕೂಲ್‌ದೇ ಆಗಿಬಿಡತ್ತೆ.

ಖರ್ಚಿನ ಬಗ್ಗೆ ಎರಡು ಮಾತು. ಸೇರೋಕೆ ಮುಂಚೆ ಕ್ಯಾಮೆರಾ ಕೊಡಿಸ್ಬೇಡಿ, ದಯವಿಟ್ಟು. ಮಗು ಫಿಲ್ಮ್ ಓದತ್ತೆ ಅಂದ ತಕ್ಷಣ ನಮ್ಮ ಜನ ಕಾಸ್ಟ್‌ಕೋಗೆ ಓಡ್ತಾರೆ. ಮೊದಲ ಫೋಟೋ ಕ್ಲಾಸಿಗೆ ಮ್ಯಾನ್ಯುಯಲ್ ಎಕ್ಸ್‌ಪೋಷರ್ ಇರೋ ಯಾವ ಹಳೇ ಕ್ಯಾಮೆರಾನೂ ಸಾಕು, ಎಷ್ಟೋ ಕಡೆ ಅದನ್ನೂ ಕಾಲೇಜೇ ಕೊಡತ್ತೆ. ನಿಜವಾದ ಖರ್ಚು ಬೇರೆ ಕಡೆ ಇರತ್ತೆ: ಫಿಲ್ಮ್ ರೋಲ್, ಪ್ರಿಂಟ್ ಪೇಪರ್, ಎರಡೆರಡು ಹಾರ್ಡ್ ಡಿಸ್ಕ್, ಒಂದು ಕೆಟ್ರೆ ಇನ್ನೊಂದು ಇರಲಿ ಅಂತ, ಆಮೇಲೆ ಶೂಟಿಂಗ್ ದಿನ ಹತ್ತು ಜನಕ್ಕೆ ಊಟ. ಇದು ತಮಾಷೆ ಅಲ್ಲ, ದುಡ್ಡಿಲ್ಲದೆ ಕೆಲಸ ಮಾಡೋ ಫ್ರೆಂಡ್ಸ್‌ಗೆ ಹೊಟ್ಟೆ ತುಂಬ ಹಾಕ್ಬೇಕು, ನನ್ನ ತಂಗಿ ಒಂದು ಶೂಟಿಂಗ್‌ಗೆ ಪುಳಿಯೋಗರೆ, ಮೊಸರನ್ನ ಕಳಿಸಿದ್ಮೇಲೆ ಅವಳ ಮಗಳ ಸೆಟ್‌ಗೆ ಬರೋಕೆ ಹುಡುಗರು ನಾ ಮುಂದು ತಾ ಮುಂದು ಅಂತಿದ್ರಂತೆ.

ಕೆಲಸ ಸಿಗತ್ತಾ ಅಂತ ಕೇಳಿದ್ರೆ ಸುಳ್ಳು ಹೇಳೋಕೆ ಮನಸಿಲ್ಲ. 2023ರಲ್ಲಿ ಬರಹಗಾರರು, ನಟರು ತಿಂಗಳುಗಟ್ಟಲೆ ಸ್ಟ್ರೈಕ್ ಮಾಡಿ ಹಾಲಿವುಡ್ ನಿಂತಿತ್ತು, ಆಮೇಲೂ ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮೊದಲಿನಷ್ಟಕ್ಕೆ ಬರ್ಲಿಲ್ಲ, ಅದಕ್ಕೇ ಕ್ಯಾಲಿಫೋರ್ನಿಯಾ 2025ರಲ್ಲಿ ಸಿನಿಮಾ ಟ್ಯಾಕ್ಸ್ ಕ್ರೆಡಿಟ್‌ನ ವರ್ಷಕ್ಕೆ 75 ಕೋಟಿ ಡಾಲರ್‌ಗೆ ಏರ್ಸಿದ್ದು. ಸೆಟ್ ಮೇಲೆ ಯಾರೂ ಡಿಗ್ರಿ ಸರ್ಟಿಫಿಕೇಟ್ ಕೇಳಲ್ಲ, ಮಾಡಿದ ಕೆಲಸದ ತುಣುಕುಗಳನ್ನ ಜೋಡಿಸಿದ ಎರಡು ನಿಮಿಷದ ರೀಲ್ ಕೇಳ್ತಾರೆ, ಹೇಳಿದ ಟೈಮಿಗೆ ಬರ್ತಾನಾ ಅಂತ ನೋಡ್ತಾರೆ. ಹಾಗಾದ್ರೆ ಡಿಗ್ರಿ ಯಾಕೆ ಅಂದ್ರೆ, ಆ ರೀಲ್ ಮಾಡೋಕೆ ಬೇಕಾದ ಸಾಮಾನು, ಜಾಗ, ಜೊತೆಗೆ ಹತ್ತು ಜನ, ಬೈಯೋಕೆ ಒಬ್ಬ ಮೇಷ್ಟ್ರು, ಇಷ್ಟೂ 2,760 ಡಾಲರ್‌ಗೆ ಬೇರೆಲ್ಲೂ ಸಿಗಲ್ಲ. ಯೂಟ್ಯೂಬಲ್ಲಿ ಕಲೀಬಹುದು, ಆದ್ರೆ ಯೂಟ್ಯೂಬ್ ಬಂದು ಉದ್ದ ಕೋಲಿನ ಬೂಮ್ ಮೈಕ್ ಹಿಡ್ಕೊಳಲ್ಲ. ಇದನ್ನ ಹೇಳಿದ್ಮೇಲೇ ತಂಗಿ ಗಂಡ ಸುಮ್ನಾಗಿದ್ದು.

ಕೊನೇದಾಗಿ ರಿಜಿಸ್ಟ್ರೇಶನ್. ಕಮ್ಯುನಿಟಿ ಕಾಲೇಜಿಗೆ ಸೇರೋದು ಸುಲಭ, ಹೈಸ್ಕೂಲ್ ಮುಗಿಸಿದವರಿಗೆಲ್ಲ ಬಾಗಿಲು ತೆಗೆದಿರತ್ತೆ, ಕಷ್ಟ ಇರೋದು ಕ್ಲಾಸ್ ಸಿಗೋದರಲ್ಲಿ. ಬಿಗಿನಿಂಗ್ ಫೋಟೋಗ್ರಫಿ ಲ್ಯಾಬಲ್ಲಿ ಎನ್‌ಲಾರ್ಜರ್ ಎಷ್ಟಿದೆಯೋ ಅಷ್ಟೇ ಸೀಟು. ಹೊಸಬರಿಗೆ ರಿಜಿಸ್ಟ್ರೇಶನ್ ದಿನಾಂಕ ಕೊನೇಲಿ ಬರತ್ತೆ, ಓರಿಯೆಂಟೇಶನ್ನು, ಕೌನ್ಸೆಲರ್ ಜೊತೆ ಎಜುಕೇಶನ್ ಪ್ಲಾನು ಬೇಗ ಮುಗಿಸಿದವರಿಗೆ ಸ್ವಲ್ಪ ಮುಂಚೆ ಸಿಗತ್ತೆ, ಅದನ್ನ ಏಪ್ರಿಲ್, ಮೇನಲ್ಲೇ ಮಾಡಿಬಿಡಿ. ತುಂಬಿಹೋಗಿದ್ರೆ ವೇಯ್ಟ್‌ಲಿಸ್ಟಲ್ಲಿ ಹೆಸರು ಹಾಕಿ ಮೊದಲನೇ ದಿನ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ, ಬರದೇ ಇರೋರನ್ನ ಮೇಷ್ಟ್ರು ತೆಗೆದು ಅಲ್ಲಿರೋರಿಗೆ ಕ್ಲಾಸಿಗೆ ಸೇರ್ಕೊಳ್ಳೋಕೆ ಆಡ್ ಕೋಡ್ ಕೊಡ್ತಾರೆ. ನಮ್ಮ ಹುಡುಗಿ ವೇಯ್ಟ್‌ಲಿಸ್ಟಲ್ಲಿ ನಾಲ್ಕನೇ ಅವಳು. ಅವತ್ತು ಕ್ಲಾಸಲ್ಲಿ ಸೀಟು ಸಿಕ್ಕಿದ್ದೋರಲ್ಲಿ ಮೂರು ಜನ ಬಂದಿರ್ಲಿಲ್ಲ, ಇವಳಿಗಿಂತ ಮೇಲಿದ್ದ ಒಬ್ಬ ಹುಡುಗ ಐದು ನಿಮಿಷ ಲೇಟಾಗಿ ಬಂದ.